ಗೇಮಿಗೆ ಕೊಡುವ ದುಡ್ಡು ಸಾರ್ಥಕವಾ? ಕೊಳ್ಳುವ ಮೊದಲು ತೂಗಿ ನೋಡುವ ಸಮಗ್ರ ಮಾರ್ಗದರ್ಶಿ

ಸೇಲ್ ಬಂದಾಗ ಐದಾರು ಗೇಮ್ ಕೊಂಡು, ಒಂದನ್ನೂ ಮುಗಿಸದೆ, ಮುಂದಿನ ಸೇಲಿನಲ್ಲಿ ಮತ್ತೆ ಅದನ್ನೇ ಮಾಡುವವರು ತುಂಬಾ ಜನ ಇದ್ದಾರೆ. ಬಿಡುಗಡೆಯ ದಿನವೇ ಪೂರ್ತಿ ಬೆಲೆ ಕೊಟ್ಟು, ಆಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿ ಓಡುವುದೇ ಇಲ್ಲ ಅಂತ ತಿಳಿದು ಬೇಜಾರಾಗುವವರೂ ಕಡಿಮೆ ಇಲ್ಲ. ಇವರೆಲ್ಲ ಬೆಲೆ ನೋಡದವರಲ್ಲ. ನೋಡುವ ಕ್ರಮದಲ್ಲಿ ತಪ್ಪುತ್ತಾರೆ, ಅಷ್ಟೇ. ಮೊದಲು ಟ್ರೇಲರ್, ಆಮೇಲೆ ರಿಯಾಯಿತಿ ಎಷ್ಟು ಅಂತ, ಆಮೇಲೆ ಸ್ಕೋರ್. ತಮ್ಮ ಸಮಯ, ತಮ್ಮ ಮಷಿನ್ ಎರಡೂ ಕೊನೆಗೆ ನೆನಪಾಗುತ್ತವೆ.

ಈ ಮಾರ್ಗದರ್ಶಿಯಲ್ಲಿ ಆ ಕ್ರಮ ಉಲ್ಟಾ ಇದೆ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಯಾವ ಹಂತದಲ್ಲಿ "ಬೇಡ" ಅಂತ ಉತ್ತರ ಬರುತ್ತದೋ ಅಲ್ಲೇ ನಿಲ್ಲಿಸಿ, ಮುಂದಿನದನ್ನು ನೋಡಲೇಬೇಡಿ. ನಮ್ಮಲ್ಲಿ ಪಿಸಿಯಲ್ಲಿ ಆಡುವವರು ಹೆಚ್ಚಾಗಿ ಕೊಳ್ಳುವುದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ. ಕನ್ಸೋಲ್ (ಪ್ಲೇಸ್ಟೇಷನ್‌ನಂಥ, ಗೇಮ್ ಆಡಲೆಂದೇ ಇರುವ ಯಂತ್ರ) ವಿಷಯ ಕೊನೆಯಲ್ಲಿದೆ.

ಮೊದಲು ಬೇಕಾದ ಸಲಕರಣೆ

ಸ್ಟೀಮ್ ಖಾತೆ ಮತ್ತು ಅದರ ವಿಶ್‌ಲಿಸ್ಟ್ (ಬೇಕಾದ ಗೇಮ್‌ಗಳ ಪಟ್ಟಿ). ಬೆಲೆಯ ಹಳೆಯ ದಾಖಲೆಗೆ ಸ್ಟೀಮ್‌ಡಿಬಿ ಅಥವಾ ಈಸ್ ದೇರ್ ಎನಿ ಡೀಲ್. ಆಟದ ಉದ್ದ ತಿಳಿಯಲು ಹೌ ಲಾಂಗ್ ಟು ಬೀಟ್. ತಾಂತ್ರಿಕ ತೊಂದರೆಗಳಿಗೆ ಪಿಸಿ ಗೇಮಿಂಗ್ ವಿಕಿ. ನಿಮ್ಮಂಥದ್ದೇ ಮಷಿನ್‌ನಲ್ಲಿ ಗೇಮ್ ಹೇಗೆ ಓಡುತ್ತದೆ ಅಂತ ನೋಡಲು ಯೂಟ್ಯೂಬ್. ಇವೆಲ್ಲ ಉಚಿತ. ಜೊತೆಗೆ ಫೋನಿನಲ್ಲಿ ಒಂದು ನೋಟ್ ತೆರೆದಿಡಿ. ಅಂಕಿಗಳನ್ನು ಬರೆದುಕೊಳ್ಳದಿದ್ದರೆ ಸೇಲ್ ದಿನ ಲೆಕ್ಕವೆಲ್ಲ ಮರೆತುಹೋಗುತ್ತದೆ.

1. ನಿಮ್ಮ ಸಮಯ ಎಷ್ಟಿದೆ ನೋಡಿ

ಸ್ಟೀಮ್ ಪ್ರೊಫೈಲಿನಲ್ಲಿ ಕಳೆದ ಎರಡು ವಾರ ಎಷ್ಟು ಗಂಟೆ ಆಡಿದ್ದೀರಿ ಅಂತ ಕಾಣುತ್ತದೆ. ಅದನ್ನು ಎರಡರಿಂದ ಭಾಗಿಸಿ. ವಾರಕ್ಕೆ ನೀವು ನಿಜವಾಗಿ ಆಡುವ ಸಮಯ ಅದು. ಆಡಬೇಕು ಅಂದುಕೊಂಡಿರುವ ಸಮಯವನ್ನು ಇಲ್ಲಿ ಸೇರಿಸಬೇಡಿ.

ಈಗ ಗೇಮಿನ ಉದ್ದ. ದಿ ವಿಚರ್ 3ರ ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ವಾರಕ್ಕೆ ಐದು ಗಂಟೆ ಸಿಗುವವರಿಗೆ ಅದು ಎರಡೂವರೆ ತಿಂಗಳ ಕೆಲಸ. ಪಕ್ಕದ ಕಥೆಗಳನ್ನೂ ಆಡಿದರೆ ಅದರ ಎರಡರಷ್ಟು. ನಡುವೆ ಪರೀಕ್ಷೆ, ಊರಿಗೆ ಹೋಗೋದು, ಆಫೀಸಿನ ಗಡಿಬಿಡಿ ಬಂದರೆ ಕಥೆ, ಕಂಟ್ರೋಲ್ ಎರಡೂ ಮರೆತುಹೋಗುತ್ತವೆ. ದೊಡ್ಡ ಗೇಮ್‌ಗಳನ್ನು ಜನ ಅರ್ಧಕ್ಕೇ ಬಿಡಲು ಇದು ದೊಡ್ಡ ಕಾರಣ.

ಇಲ್ಲಿ ನನ್ನ ಸಲಹೆ ಸ್ವಲ್ಪ ಬಿಗಿಯಾಗಿದೆ: ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್ (ವಿಶಾಲ ಜಗತ್ತಿನಲ್ಲಿ ಬೇಕಾದ ಕಡೆ ಓಡಾಡಿ ಆಡುವಂಥದ್ದು) ಅರ್ಧಕ್ಕೆ ನಿಂತಿದ್ದರೆ, ಅದೇ ಬಗೆಯ ಇನ್ನೊಂದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಇನ್ನೊಂದು ಮಾತು. ಕೊಂಡ 14 ದಿನದೊಳಗೆ ಗೇಮ್ ತೆರೆದು ಆಡಲು ಬಿಡುವು ಇಲ್ಲ ಅಂದರೆ ಈ ಸೇಲ್ ನಿಮ್ಮದಲ್ಲ. ಯಾಕೆ 14 ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

2. ಮಷಿನ್ ಮತ್ತು ಇಂಟರ್ನೆಟ್ ಪರೀಕ್ಷಿಸಿ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿ. ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಹೆಸರು ಮೂರೂ ಸಿಗುತ್ತವೆ. ಬರೆದುಕೊಳ್ಳಿ. ಗೇಮಿನ ಪುಟದ ಕೆಳಗೆ "ಮಿನಿಮಮ್" ಮತ್ತು "ರೆಕಮೆಂಡೆಡ್" ಅಂತ ಎರಡು ಪಟ್ಟಿ ಇರುತ್ತವೆ. ನೀವು ಹೋಲಿಸಬೇಕಾದದ್ದು ಎರಡನೆಯದರ ಜೊತೆ. ಮಿನಿಮಮ್ ಅಂದರೆ ಸಾಮಾನ್ಯವಾಗಿ ಎಲ್ಲ ಸೆಟ್ಟಿಂಗ್ ತಗ್ಗಿಸಿ ಹೇಗೋ ಓಡಿಸುವ ಮಟ್ಟ.

ಲ್ಯಾಪ್‌ಟಾಪ್ ಇರುವವರು ಇಲ್ಲಿ ಜಾಸ್ತಿ ಎಡವುತ್ತಾರೆ. ಕಾರ್ಡಿನ ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪಿನದು ಡೆಸ್ಕ್‌ಟಾಪಿನದಕ್ಕಿಂತ ನಿಧಾನ. ಅದಕ್ಕೇ ಯೂಟ್ಯೂಬ್‌ನಲ್ಲಿ ಗೇಮಿನ ಹೆಸರಿನ ಜೊತೆ ನಿಮ್ಮ ಕಾರ್ಡ್ ಹೆಸರು ಹಾಕಿ, "ಲ್ಯಾಪ್‌ಟಾಪ್" ಅಂತಲೂ ಸೇರಿಸಿ ಹುಡುಕಿ. ವಿಡಿಯೊದ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಅಂತ ಓಡುತ್ತಿರುತ್ತದೆ, ಜಾಸ್ತಿ ಇದ್ದಷ್ಟೂ ಆಟ ಸಲೀಸು. ಆರಂಭದ ಗುಹೆ, ಕೋಣೆಗಳ ದೃಶ್ಯ ನೋಡಿ ತೀರ್ಮಾನಿಸಬೇಡಿ. ಜನಜಂಗುಳಿ ಇರುವ ಊರು, ದೊಡ್ಡ ಜಗಳ ಇರುವ ಕಡೆ ಆ ಅಂಕಿ ಎಷ್ಟಕ್ಕೆ ಇಳಿಯುತ್ತದೆ ನೋಡಿ.

ಜಾಗದ ವಿಷಯ. ಬಾಲ್ಡರ್ಸ್ ಗೇಟ್ 3, ರೆಡ್ ಡೆಡ್ ರಿಡೆಂಪ್ಶನ್ 2 ಎರಡಕ್ಕೂ 150 ಜಿಬಿ ಬೇಕು. ಅದೂ ಬಾಲ್ಡರ್ಸ್ ಗೇಟ್‌ಗೆ ಎಸ್‌ಎಸ್‌ಡಿಯೇ (ವೇಗದ ಬಗೆಯ ಡ್ರೈವ್) ಬೇಕು ಅಂತ ಪುಟದಲ್ಲಿ ಬರೆದಿದೆ. 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಇದ್ದರೆ 100 ಜಿಬಿ ಇಳಿಯಲು ಎರಡೂಕಾಲು ಗಂಟೆ ಸಾಕು. ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ಆದರೆ ಅದಕ್ಕೇ 50 ದಿನ. ಹಾಸ್ಟೆಲ್‌ನಲ್ಲಿ, ಹಳ್ಳಿಯ ಮನೆಯಲ್ಲಿ ಇರುವವರು ಈ ಲೆಕ್ಕ ಮೊದಲೇ ಹಾಕಬೇಕು. ಯಾಕಂದರೆ ಗೇಮ್ ಇಳಿಯುವಷ್ಟರಲ್ಲಿ ರಿಫಂಡ್ ಗಡುವು ಮುಗಿದಿರುತ್ತದೆ.

ಆನ್‌ಲೈನ್ ಗೇಮ್ ಆದರೆ ಸರ್ವರ್ ಎಲ್ಲಿದೆ ಕೇಳಿ ತಿಳಿಯಿರಿ. ಮುಂಬೈಯಲ್ಲಿದ್ದರೆ ಒಳ್ಳೆಯದು, ಸಿಂಗಾಪುರ ಆದರೂ ಹೆಚ್ಚಿನ ಆಟಗಳಿಗೆ ನಡೆಯುತ್ತದೆ. ಯುರೋಪ್ ಮಾತ್ರ ಅಂತ ಇದ್ದರೆ ಗುಂಡು ಹಾರಿಸುವ ಆಟಗಳಿಗೆ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ತೀರಾ ಜಾಸ್ತಿಯಾಗುತ್ತದೆ, ಅಲ್ಲಿಗೆ ಬಿಡಿ.

3. ಒಟ್ಟು ಖರ್ಚು ಹುಡುಕಿ

ಪುಟದ ಮೇಲೆ ಕಾಣುವ ಬೆಲೆ ಹಲವು ಸಲ ಮೊದಲ ಕಂತು ಮಾತ್ರ. ಕೆಳಗೆ ಸ್ಕ್ರಾಲ್ ಮಾಡಿ ಡಿಎಲ್‌ಸಿ (ಗೇಮಿಗೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಪಟ್ಟಿ ನೋಡಿ. ಬಟ್ಟೆಬರೆ, ಬಣ್ಣದಂಥ ಅಲಂಕಾರವಾದರೆ ಬಿಟ್ಟುಬಿಡಿ. ಕಥೆಯ ಭಾಗ, ಪಾತ್ರಗಳು, ನಕ್ಷೆಗಳಾದರೆ ಅವುಗಳ ಬೆಲೆಯನ್ನೂ ಕೂಡಿಸಿ ಬರೆದುಕೊಳ್ಳಿ.

ಕಥೆ ಇರುವ ದೊಡ್ಡ ಗೇಮ್‌ಗಳಲ್ಲಿ ತಾಳ್ಮೆಗೆ ಬೆಲೆ ಇದೆ. ದಿ ವಿಚರ್ 3 ಬಂದದ್ದು 2015ರ ಮೇನಲ್ಲಿ. ಎರಡು ದೊಡ್ಡ ವಿಸ್ತರಣೆಗಳನ್ನೂ ಸೇರಿಸಿದ ಆವೃತ್ತಿ 2016ರ ಆಗಸ್ಟ್‌ನಲ್ಲೇ ಬಂತು. ಕಾದವರಿಗೆ ಎಲ್ಲ ಒಂದೇ ಪೊಟ್ಟಣದಲ್ಲಿ ಸಿಕ್ಕಿತು, ದೋಷಗಳೂ ಅಷ್ಟರಲ್ಲಿ ಸರಿಯಾಗಿದ್ದವು.

ಇಲ್ಲಿ ಎಚ್ಚರಿಕೆಯ ಗುರುತು ಒಂದಿದೆ. ಪೂರ್ತಿ ಬೆಲೆಯ ಗೇಮಿನೊಳಗೇ ಆಟದ ನಾಣ್ಯ ಮಾರುವ ಅಂಗಡಿ, ಬ್ಯಾಟಲ್ ಪಾಸ್ (ಆಡುತ್ತಾ ಹೋದಂತೆ ಬಹುಮಾನ ತೆರೆಯಲು ಕೊಳ್ಳುವ ಪಾಸ್), "ಬೇಗ ಮುಂದೆ ಹೋಗಲು" ದುಡ್ಡು ಕೊಡುವ ದಾರಿ ಮೂರೂ ಇದ್ದರೆ, ಆಟವನ್ನು ಬೇಕಂತಲೇ ನಿಧಾನ ಮಾಡಿರುವ ಸಾಧ್ಯತೆ ಜಾಸ್ತಿ. ಅದನ್ನು ಖಚಿತ ಮಾಡಿಕೊಳ್ಳಲು ಐದನೇ ಹಂತದಲ್ಲಿ ರಿವ್ಯೂ ಹುಡುಕುವಾಗ "ಗ್ರೈಂಡ್" (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಅನ್ನೋ ಮಾತು ಎಷ್ಟು ಸಲ ಬರುತ್ತದೆ ಗಮನಿಸಿ.

4. ಬೆಲೆಯ ಜಾತಕ ನೋಡಿ

ಸ್ಟೀಮ್‌ಡಿಬಿಯಲ್ಲಿ ಗೇಮ್ ತೆರೆದು ಕರೆನ್ಸಿಯನ್ನು ರೂಪಾಯಿಗೆ ಬದಲಿಸಿ. ಗ್ರಾಫ್‌ನಲ್ಲಿ ಎರಡೇ ವಿಷಯ ನೋಡಿ: ಇದುವರೆಗಿನ ಅತಿ ಕಡಿಮೆ ಬೆಲೆ ಎಷ್ಟು, ಮತ್ತು ಆ ಬೆಲೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ. ಒಮ್ಮೆ 75% ಇಳಿದ ಗೇಮ್ ಆ ಬೆಲೆಗೆ ಮತ್ತೆ ಬರುವುದೇ ಹೆಚ್ಚು. ಸ್ಟೀಮ್‌ನಲ್ಲಿ ಬೇಸಿಗೆ, ಚಳಿಗಾಲ ಅಂತ ಋತುವಿಗೊಂದು ದೊಡ್ಡ ಸೇಲ್ ಇದ್ದೇ ಇರುತ್ತದೆ. "ಇಂದೇ ಕೊನೆ" ಅಂತ ಕೆಳಗೆ ಓಡುವ ಗಡಿಯಾರಕ್ಕೆ ಹೆದರಬೇಕಾಗಿಲ್ಲ.

ಶೇಕಡಾವಾರು ರಿಯಾಯಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ನಿಮ್ಮ ಜೇಬಿನಿಂದ ಹೋಗುವುದು ರೂಪಾಯಿ. ನಿಮಗೆ ಒಪ್ಪುವ ಬೆಲೆಯನ್ನು ನೋಟ್‌ನಲ್ಲಿ ಬರೆದು, ಗೇಮನ್ನು ವಿಶ್‌ಲಿಸ್ಟ್‌ಗೆ ಹಾಕಿ. ರಿಯಾಯಿತಿ ಬಂದಾಗ ಸ್ಟೀಮ್ ಮೇಲ್ ಕಳಿಸುತ್ತದೆ. ಸ್ಟೀಮ್‌ನಂಥದ್ದೇ ಇನ್ನೊಂದು ಅಂಗಡಿಯಾದ ಎಪಿಕ್ ಸ್ಟೋರ್ ಪ್ರತಿ ಗುರುವಾರ ಗೇಮ್‌ಗಳನ್ನು ಉಚಿತವಾಗಿ ಕೊಡುತ್ತದೆ, ಅದರಲ್ಲಿ ಬಂದಿತ್ತಾ ಅಂತಲೂ ನಿಮ್ಮ ಖಾತೆಯಲ್ಲಿ ಒಮ್ಮೆ ನೋಡಿ. ಕೈಯಲ್ಲಿದ್ದದ್ದನ್ನೇ ಮತ್ತೆ ಕೊಂಡವರು ಇದ್ದಾರೆ.

ಇನ್ನೂ ಒಂದು ಉಳಿತಾಯ ಹಲವರಿಗೆ ಗೊತ್ತಿಲ್ಲ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಒಂದೇ ಮನೆಯ ಆರು ಜನರ ತನಕ ತಮ್ಮ ಗೇಮ್‌ಗಳನ್ನು ಹಂಚಿಕೊಳ್ಳಬಹುದು. ಅಣ್ಣನ ಖಾತೆಯಲ್ಲಿ ಇರುವುದನ್ನು ತಂಗಿ ಮತ್ತೆ ಕೊಳ್ಳಬೇಕಾಗಿಲ್ಲ. ಒಂದೇ ಗೇಮನ್ನು ಇಬ್ಬರೂ ಒಂದೇ ಹೊತ್ತಿಗೆ ಆಡಲು ಮಾತ್ರ ಎರಡು ಪ್ರತಿ ಬೇಕು. ಎಲ್ಲ ಗೇಮ್‌ಗಳಿಗೂ ಈ ಸೌಲಭ್ಯ ಇಲ್ಲ, ಪುಟದಲ್ಲಿ ನೋಡಿಕೊಳ್ಳಿ.

ಅತಿ ಅಗ್ಗಕ್ಕೆ ಕೋಡ್ (ಖಾತೆಯಲ್ಲಿ ಹಾಕಿದರೆ ಗೇಮ್ ಸಿಗುವ ಗುಪ್ತ ಸಂಖ್ಯೆ) ಮಾರುವ ಅಪರಿಚಿತ ಜಾಲತಾಣಗಳಿಂದ ದೂರ ಇರಿ. ಹೊರಗೆ ಕೊಂಡ ಕೋಡ್‌ಗೆ ಸ್ಟೀಮ್ ರಿಫಂಡ್ ಕೊಡುವುದಿಲ್ಲ. ಕದ್ದ ಕಾರ್ಡಿನಿಂದ ಕೊಂಡ ಕೋಡ್ ಆಗಿದ್ದರೆ ಗೇಮ್ ನಿಮ್ಮ ಖಾತೆಯಿಂದ ಮಾಯವೂ ಆಗಬಹುದು.

5. ರಿವ್ಯೂ ಓದುವ ಸರಿಯಾದ ಕ್ರಮ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಸ್ಟೀಮ್‌ನಲ್ಲಿ 90% ಅಂದರೆ ಗೇಮಿಗೆ ಹತ್ತಕ್ಕೆ ಒಂಬತ್ತು ಅಂಕ ಅಂತ ಅರ್ಥ ಅಲ್ಲ. ಹತ್ತು ಜನರಲ್ಲಿ ಒಂಬತ್ತು ಜನ "ಆಡಬಹುದು" ಅಂದರು ಅಂತ ಅಷ್ಟೇ. ಅವರಿಗೆ ಅದು ಸುಮಾರಾಗಿ ಇಷ್ಟವಾಗಿದ್ದರೂ ಹೆಬ್ಬೆರಳು ಮೇಲೆಯೇ. ಅದೂ ಆ ಬಗೆಯ ಆಟವನ್ನು ಮೊದಲೇ ಇಷ್ಟಪಟ್ಟು ಕೊಂಡವರ ಮಾತು ಅದು.

ಮೊದಲು ಸ್ಟೀಮ್ ಪುಟದ ರಿವ್ಯೂ ಗ್ರಾಫ್ ನೋಡಿ. ಒಟ್ಟು ಸ್ಕೋರ್ ಚೆನ್ನಾಗಿದ್ದು ಕಳೆದ 30 ದಿನದ್ದು ಕುಸಿದಿದ್ದರೆ, ಇತ್ತೀಚಿನ ಅಪ್‌ಡೇಟ್ ಏನೋ ಕೆಡಿಸಿರಬಹುದು. ಯಾವ ದಿನದಿಂದ ಕೆಂಪು (ನೆಗೆಟಿವ್) ಪಟ್ಟಿ ಉದ್ದವಾಯಿತೋ ಆ ದಿನದ ರಿವ್ಯೂಗಳನ್ನು ಒತ್ತಿ ಓದಿ. ಇದರ ಉಲ್ಟಾ ಕೂಡ ಇದೆ. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಬಂದಾಗ ಸಿಕ್ಕಾಪಟ್ಟೆ ಬೈಗುಳ ತಿಂದಿತು, ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಬಂದಮೇಲೆ ಪೂರ್ತಿ ಬೇರೆ ಆಟವಾಯಿತು. ಹಳೆಯ ಬೈಗುಳ ನೋಡಿ ಇವತ್ತಿನ ಗೇಮ್ ತಳ್ಳಿಹಾಕಬೇಡಿ.

ಆಮೇಲೆ ನೆಗೆಟಿವ್ ರಿವ್ಯೂಗಳನ್ನು ಮಾತ್ರ ಆರಿಸಿ. ಆಡಿದ ಸಮಯದ ಫಿಲ್ಟರ್ ಹಾಕಿ, ಹತ್ತು ಗಂಟೆಗಿಂತ ಜಾಸ್ತಿ ಆಡಿದವರದನ್ನು ಓದಿ. ಇವರಿಗೆ ಗೇಮ್ ಗೊತ್ತು, ಆದರೂ ಬೇಡ ಅನ್ನುತ್ತಿದ್ದಾರೆ. ಕಾರಣ ಏನು? "ತುಂಬಾ ಮಾತು, ಜಗಳ ಕಡಿಮೆ" ಅಂತ ಒಬ್ಬರು ಬರೆದಿದ್ದರೆ, ಕಥೆ ಇಷ್ಟಪಡುವವರಿಗೆ ಅದು ಹೊಗಳಿಕೆ. "ಐದನೇ ಗಂಟೆಯ ನಂತರ ಸೇವ್ ಫೈಲ್ ಹಾಳಾಗುತ್ತದೆ" ಅಂತ ಮೂರು ಜನ ಬರೆದಿದ್ದರೆ ಅದು ಎಲ್ಲರಿಗೂ ತೊಂದರೆ. ರುಚಿಯ ದೂರು ಯಾವುದು, ದೋಷದ ದೂರು ಯಾವುದು ಅಂತ ಬೇರೆ ಮಾಡಿ.

ಮೂರನೆಯದು ಅಚೀವ್‌ಮೆಂಟ್ (ಗೇಮಿನಲ್ಲಿ ಒಂದೊಂದು ಘಟ್ಟ ದಾಟಿದಾಗ ಸಿಗುವ ಪದಕ) ಪಟ್ಟಿ. ಇದನ್ನು ನೋಡುವವರು ಬಹಳ ಕಡಿಮೆ. ಸ್ಟೀಮ್‌ನಲ್ಲಿ ಪ್ರತಿ ಅಚೀವ್‌ಮೆಂಟ್ ಎಷ್ಟು ಶೇಕಡಾ ಆಟಗಾರರಿಗೆ ಸಿಕ್ಕಿದೆ ಅಂತ ಎಲ್ಲರಿಗೂ ಕಾಣುತ್ತದೆ. ಕಥೆಯಲ್ಲಿ ತಾನಾಗಿ ಸಿಗುವಂಥವನ್ನು ಸಾಲಾಗಿ ಓದಿ. ಮೊದಲ ಅಧ್ಯಾಯ 85%, ಎರಡನೆಯದು 75%, ಮೂರನೆಯದು 30% ಅಂತ ಇದ್ದರೆ ಮೂರನೇ ಅಧ್ಯಾಯದ ಹೊತ್ತಿಗೆ ಜನ ಎದ್ದುಹೋಗಿದ್ದಾರೆ. ಅಲ್ಲಿ ಏನಿದೆ ಅಂತ ಹುಡುಕಿ: ವಿಪರೀತ ಕಷ್ಟದ ಬಾಸ್ (ದೊಡ್ಡ ಎದುರಾಳಿ) ಇರಬಹುದು, ಬರೀ ಓಡಾಟ ಇರಬಹುದು. ದುಡ್ಡು ಕೊಟ್ಟವರು ಎಲ್ಲಿ ಬಿಟ್ಟರು ಅನ್ನೋದು ಯಾವ ವಿಮರ್ಶಕರ ಮಾತಿಗಿಂತಲೂ ನಂಬಿಕೆಗೆ ಯೋಗ್ಯ. ಆದರೆ ಕೊನೆಯ ಶೇಕಡಾ ಕಡಿಮೆ ಇದೆ ಅಂತ ಗಾಬರಿ ಬೇಡ. ಉದ್ದದ ಗೇಮ್‌ಗಳನ್ನು ಅರ್ಧಕ್ಕಿಂತ ಕಡಿಮೆ ಜನ ಮುಗಿಸುವುದು ಸಾಮಾನ್ಯ. ನೋಡಬೇಕಾದದ್ದು ದಿಢೀರ್ ಇಳಿತ.

ಹೊಸ ಗೇಮ್ ಆದರೆ ವಿಮರ್ಶಕರು ಯಾವ ಮಷಿನ್‌ನಲ್ಲಿ ಆಡಿದರು ನೋಡಿ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಮುಂಚಿತವಾಗಿ ಬಂದ ವಿಮರ್ಶೆಗಳೆಲ್ಲ ಪಿಸಿ ಆವೃತ್ತಿಯವು. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ 18ನೇ ತಾರೀಕಿಗೆ ತನ್ನ ಸ್ಟೋರ್‌ನಿಂದಲೇ ತೆಗೆಯಿತು. ನೀವು ಆಡುವ ಮಷಿನ್‌ನ ವಿಮರ್ಶೆ ಬಿಡುಗಡೆಗೆ ಮೊದಲು ಒಂದೂ ಇಲ್ಲ ಅಂದರೆ ಕಾಯಿರಿ. ಈ ಕಾರಣಕ್ಕೇ ಪ್ರಿ-ಆರ್ಡರ್ (ಬಿಡುಗಡೆಗೆ ಮೊದಲೇ ಕೊಳ್ಳುವುದು) ಮಾಡಬೇಡಿ ಅನ್ನೋದು. ಡಿಜಿಟಲ್ ಪ್ರತಿ ಖಾಲಿಯಾಗುವುದಿಲ್ಲ, ಅಲ್ವಾ?

ಆನ್‌ಲೈನ್ ಮಾತ್ರ ಇರುವ ಗೇಮ್‌ಗೆ ಇನ್ನೂ ಒಂದು ಪರೀಕ್ಷೆ. ಸ್ಟೀಮ್‌ಡಿಬಿಯಲ್ಲಿ ಈಗ ಎಷ್ಟು ಜನ ಆಡುತ್ತಿದ್ದಾರೆ ನೋಡಿ. ಸರ್ವರ್ ನಿಂತರೆ ಗೇಮ್ ಮುಗಿಯಿತು. ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅದಕ್ಕೆ ದುಡ್ಡು ವಾಪಸ್ ಕೊಟ್ಟರು. 2014ರಲ್ಲಿ ಬಂದ ದಿ ಕ್ರೂ ಗೇಮಿನ ಸರ್ವರ್‌ಗಳು 2024ರ ಮಾರ್ಚ್ 31ಕ್ಕೆ ನಿಂತಾಗ, ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಆಗದಂತಾಯಿತು.

6. ಗಂಟೆಗೆ ಎಷ್ಟು ರೂಪಾಯಿ: ಲೆಕ್ಕ ತಪ್ಪದೆ ಹಾಕಿ

ಬೆಲೆಯನ್ನು ಗಂಟೆಯಿಂದ ಭಾಗಿಸುವ ಲೆಕ್ಕ ಎಲ್ಲರಿಗೂ ಗೊತ್ತು. ಎಲ್ಲರೂ ಭಾಗಿಸುವುದು ಮಾತ್ರ ತಪ್ಪು ಗಂಟೆಯಿಂದ. ಗೇಮಿನಲ್ಲಿ ಎಷ್ಟು ಗಂಟೆ ಇದೆ ಅನ್ನೋದು ಬೇಡ, ನೀವು ಎಷ್ಟು ಗಂಟೆ ಆಡುತ್ತೀರಿ ಅನ್ನೋದು ಬೇಕು.

ಅದನ್ನು ಊಹಿಸಬೇಕಾಗಿಲ್ಲ. ನಿಮ್ಮ ಲೈಬ್ರರಿಯಲ್ಲಿ ಅದೇ ಬಗೆಯ ಮೂರು ಗೇಮ್ ತೆರೆದು, ಪ್ರತಿಯೊಂದನ್ನೂ ಎಷ್ಟು ಗಂಟೆ ಆಡಿದ್ದೀರಿ ಬರೆಯಿರಿ. ಮೂರರಲ್ಲಿ ನಡುವಿನ ಅಂಕಿ ತೆಗೆದುಕೊಳ್ಳಿ. ಉದಾಹರಣೆಗೆ 3,000 ರೂಪಾಯಿಯ, 100 ಗಂಟೆಯ ಗೇಮ್ ಅಂದುಕೊಳ್ಳಿ. ಜಾಹೀರಾತಿನ ಲೆಕ್ಕದಲ್ಲಿ ಗಂಟೆಗೆ 30 ರೂಪಾಯಿ. ನಿಮ್ಮ ಹಳೆಯ ಅಂಕಿಗಳು 6, 8, 40 ಆಗಿದ್ದರೆ ನಡುವಿನದು 8. ಆಗ ಗಂಟೆಗೆ 375 ರೂಪಾಯಿ ಬೀಳುತ್ತದೆ. ಅದೇ 500 ರೂಪಾಯಿಯ ಐದು ಗಂಟೆಯ ಗೇಮನ್ನು ನೀವು ಪೂರ್ತಿ ಮುಗಿಸುವವರಾದರೆ ಗಂಟೆಗೆ 100. ಅಗ್ಗ ಯಾವುದು ಅಂತ ಈಗ ಹೇಳಿ.

ಉದ್ದವನ್ನೇ ಗುಣ ಅಂದುಕೊಳ್ಳುವುದು ನಮ್ಮಲ್ಲಿ ಬೇರೂರಿದ ತಪ್ಪು. 2007ರ ಪೋರ್ಟಲ್ ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, 2012ರ ಜರ್ನಿ ಇನ್ನೂ ಚಿಕ್ಕದು. ಎರಡರಲ್ಲೂ ಒಂದು ನಿಮಿಷ ವ್ಯರ್ಥ ಇಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ರಾಜಿ: ಆನ್ ಏನ್ಶಿಯಂಟ್ ಎಪಿಕ್ ಕೂಡ ಒಂದೆರಡು ಸಂಜೆಯ ಆಟ. ಇಂಥವನ್ನು ಬರೀ ಗಂಟೆ ಲೆಕ್ಕದಲ್ಲಿ ಅಳೆದರೆ ಅನ್ಯಾಯ. ಇನ್ನೊಂದು ಕಡೆ, ದಿನಾ ಲಾಗಿನ್ ಆಗಿ ಅದೇ ಕೆಲಸ ಮಾಡಿಸುವ ಗೇಮ್‌ಗಳಲ್ಲಿ ಗಂಟೆ ಬೆಳೆಯುತ್ತದೆ, ಆಟ ಬೆಳೆಯುವುದಿಲ್ಲ. ರಿವ್ಯೂಗಳಲ್ಲಿ "ಗ್ರೈಂಡ್" ಜಾಸ್ತಿ ಕಂಡರೆ ಗಂಟೆಗಳನ್ನು ಅರ್ಧಕ್ಕಿಳಿಸಿ ಲೆಕ್ಕ ಹಾಕಿ.

7. ಎರಡು ಗಂಟೆಯ ಪರೀಕ್ಷೆ

ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಕಾರಣ ಏನೇ ಇರಲಿ ದುಡ್ಡು ವಾಪಸ್ ಕೊಡುತ್ತದೆ. ಡೆಮೊ ಇದ್ದರೆ ಮೊದಲು ಅದನ್ನೇ ಆಡಿ. ಇಲ್ಲದಿದ್ದರೆ ಈ ಎರಡು ಗಂಟೆಯನ್ನು ಯೋಜನೆ ಹಾಕಿ ಬಳಸಿ. ಸುಮ್ನೆ ಕಳೆದರೆ ಸಾಲುವುದಿಲ್ಲ.

ಶುರು ಮಾಡುವ ಮೊದಲು: ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ಗೇಮ್ ಪೂರ್ತಿ ಇಳಿಸಿಟ್ಟು, ಬಿಡುವಿನ ಒಂದು ಸಂಜೆ ಕೂರಿ. ಗೇಮ್ ತೆರೆದಿದ್ದಷ್ಟು ಹೊತ್ತೂ ಗಡಿಯಾರ ಓಡುತ್ತದೆ. ಆಟವನ್ನು ಪಾಜ್ ಮಾಡಿ ಊಟಕ್ಕೆ ಹೋದರೂ ಅದು ಆಡಿದ ಸಮಯವೇ. ಎದ್ದರೆ ಗೇಮ್ ಮುಚ್ಚಿ ಏಳಿ.

ಮೊದಲ 15 ನಿಮಿಷ ಸೆಟ್ಟಿಂಗ್‌ಗೆ. ಕೆಲವು ಗೇಮ್‌ಗಳು ಮೊದಲ ಸಲ ಶೇಡರ್ (ಬೆಳಕು, ನೆರಳು ಬಿಡಿಸುವ ಪುಟ್ಟ ಪ್ರೋಗ್ರಾಂ) ತಯಾರಿ ಮಾಡಿಕೊಳ್ಳುತ್ತವೆ, ಅದೂ ಈ ಸಮಯವನ್ನೇ ತಿನ್ನುತ್ತದೆ. 2023ರ ಮಾರ್ಚ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಇದಕ್ಕೇ ತುಂಬಾ ಹೊತ್ತು ಹೋಗುತ್ತಿತ್ತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಡೌನ್‌ಲೋಡ್‌ನ ಹೆಚ್ಚಿನ ಪಾಲು ಗೇಮ್ ತೆರೆದ ಮೇಲೆಯೇ ಆಗುತ್ತಿತ್ತು. ಅಂಥದ್ದು ಕಂಡರೆ ಎಷ್ಟು ನಿಮಿಷ ಹೋಯಿತು ಬರೆದಿಡಿ, ರಿಫಂಡ್ ಕೇಳುವಾಗ ಕಾರಣದಲ್ಲಿ ಅದನ್ನೇ ಬರೆಯಬಹುದು.

ಆಮೇಲೆ ಸುಮಾರು ಒಂದು ಗಂಟೆ ನಿಮ್ಮ ಪಾಡಿಗೆ ಆಡಿ. ಈ ಹೊತ್ತಿನಲ್ಲಿ ಎರಡು ವಿಷಯ ಗಮನಿಸಿ: ಕಂಟ್ರೋಲ್ ಕೈಗೆ ಹಿಡಿಸುತ್ತಿದೆಯಾ, ಗದ್ದಲದ ಜಾಗದಲ್ಲಿ ಲ್ಯಾಗ್ ಆಗುತ್ತಿದೆಯಾ. ಉಳಿದ 25 ನಿಮಿಷದಲ್ಲಿ ಟ್ಯುಟೋರಿಯಲ್ (ಆಡುವುದನ್ನು ಕಲಿಸುವ ಆರಂಭದ ಭಾಗ) ದಾಟಿ, ಗೇಮ್ ನಿಮ್ಮಿಂದ ಮತ್ತೆ ಮತ್ತೆ ಮಾಡಿಸುವ ಮುಖ್ಯ ಕೆಲಸ ಯಾವುದು ಅಂತ ಹಿಡಿಯಿರಿ. ಜಗಳವಾ, ಸಾಮಾನು ಜೋಡಿಸೋದಾ, ಮಾತಾ? ಅದನ್ನೇ ಇನ್ನು ಹತ್ತಾರು ಗಂಟೆ ಮಾಡಬೇಕು.

1 ಗಂಟೆ 40 ನಿಮಿಷಕ್ಕೆ ಮುಚ್ಚಿ. ಎರಡು ಗಂಟೆಯ ಅಂಚಿಗೆ ಹೋಗಬೇಡಿ. ಆ ರಾತ್ರಿ ತೀರ್ಮಾನ ಬೇಡ. ಮರುದಿನ ಆಡಬೇಕು ಅಂತ ತಾನಾಗಿ ಅನಿಸಿದರೆ ಇಟ್ಟುಕೊಳ್ಳಿ. "ಮುಂದೆ ಚೆನ್ನಾಗಿರುತ್ತದಂತೆ" ಅಂತ ಬೇರೆಯವರ ಮಾತಿನ ಮೇಲೆ ಇಟ್ಟುಕೊಳ್ಳಬೇಡಿ.

ವಾಪಸ್ ಮಾಡಲು ಸ್ಟೀಮ್ ಸಪೋರ್ಟ್‌ನಲ್ಲಿ ಪರ್ಚೇಸಸ್ ತೆರೆದು, ಗೇಮ್ ಆರಿಸಿ, ರಿಫಂಡ್ ಕೇಳಿ. ಸ್ಟೀಮ್ ವಾಲೆಟ್‌ಗೆ ಬೇಕಾ, ಕೊಟ್ಟ ದಾರಿಯಲ್ಲೇ ಬೇಕಾ ಅಂತ ಕೇಳುತ್ತದೆ. ದುಡ್ಡು ಮನೆಖರ್ಚಿಗೆ ಬೇಕು ಅಂದರೆ ಎರಡನೆಯದನ್ನೇ ಒತ್ತಿ. ವಾಲೆಟ್‌ಗೆ ಹೋದದ್ದು ಗೇಮಿಗೇ ಖರ್ಚಾಗಬೇಕು. ಕೊಂಡ ಕೂಡಲೇ ಸೇಲ್ ಶುರುವಾಯಿತಾ? ಈ ಮಿತಿಯೊಳಗಿದ್ದರೆ ವಾಪಸ್ ಮಾಡಿ, ಸೇಲ್ ಬೆಲೆಗೆ ಮತ್ತೆ ಕೊಳ್ಳಿ. ಅದನ್ನು ದುರುಪಯೋಗ ಅಂತ ಪರಿಗಣಿಸುವುದಿಲ್ಲ ಅಂತ ಸ್ಟೀಮ್ ತನ್ನ ನಿಯಮದಲ್ಲೇ ಬರೆದಿದೆ.

ಎಪಿಕ್‌ನಲ್ಲೂ ಹೆಚ್ಚಿನ ಗೇಮ್‌ಗಳಿಗೆ 14 ದಿನ, ಎರಡು ಗಂಟೆಯ ಮಿತಿಯೇ. ಜಿಒಜಿ ಅನ್ನೋ ಇನ್ನೊಂದು ಅಂಗಡಿಯಲ್ಲಿ 30 ದಿನ, ಆಡಿದ್ದರೂ ಕೇಳಬಹುದು. ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಇಟ್ಟುಕೊಳ್ಳಬಹುದು. ಬೆಲೆ ಒಂದೇ ಇದ್ದರೆ ನಾನು ಜಿಒಜಿಯನ್ನೇ ಆರಿಸುತ್ತೇನೆ.

8. ಕನ್ಸೋಲ್ ಇರುವವರಿಗೆ

ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರುವಾದರೆ, ಗೇಮಿನಲ್ಲೇ ದೋಷ ಇದ್ದರೆ ಬಿಟ್ಟು, ರಿಫಂಡ್ ಸಿಗುವುದಿಲ್ಲ. ಎರಡು ಗಂಟೆಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಹಾಗಾಗಿ ಐದನೇ ಹಂತಕ್ಕೆ ಎರಡರಷ್ಟು ಸಮಯ ಕೊಡಿ. ದುಡ್ಡು ಕೊಟ್ಟು ಕೊಂಡ ಗೇಮ್‌ಗಳನ್ನು ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಚಂದಾ ಬೇರೆ ಬೇಕು, ಅದನ್ನೂ ಒಟ್ಟು ಖರ್ಚಿಗೆ ಸೇರಿಸಿ.

ಡಿಸ್ಕ್ ಹಾಕುವ ಕನ್ಸೋಲ್ ಇದ್ದರೆ ಲೆಕ್ಕವೇ ಬದಲಾಗುತ್ತದೆ. 4,500ಕ್ಕೆ ಕೊಂಡ ಡಿಸ್ಕನ್ನು ಬೇಗ ಮುಗಿಸಿ 3,000ಕ್ಕೆ ಮಾರಿದರೆ ನಿಮಗೆ ಬಿದ್ದದ್ದು 1,500. ಕಥೆ ಮುಗಿದರೆ ಮತ್ತೆ ಆಡದ ಗೇಮ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ತಡ ಮಾಡಿದಷ್ಟೂ ಮರುಮಾರಾಟದ ಬೆಲೆ ಇಳಿಯುತ್ತದೆ.

ಹಳೆಯ ಡಿಸ್ಕ್ ಕೊಳ್ಳುವಾಗ ಬೆಳಕಿಗೆ ಹಿಡಿದು ಹಿಂಬದಿ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಕನ್ಸೋಲ್‌ಗೆ ಹಾಕಿಸಿ, ಇನ್‌ಸ್ಟಾಲ್ ಕೊನೆತನಕ ಹೋಗುತ್ತದಾ ಪರೀಕ್ಷಿಸಿ. ಕಂಪ್ಲೀಟ್ ಎಡಿಷನ್ ಅಂತ ಬರೆದಿದ್ದರೆ ವಿಸ್ತರಣೆಗಳು ಡಿಸ್ಕಿನಲ್ಲೇ ಇವೆಯಾ, ಚೀಟಿಯ ಕೋಡ್‌ನಲ್ಲಿವೆಯಾ ಕೇಳಿ. ಕೋಡ್ ಆಗಿದ್ದರೆ ಮೊದಲು ಕೊಂಡವರು ಅದನ್ನು ಬಳಸಿಯೇ ಇರುತ್ತಾರೆ, ಅಷ್ಟು ದುಡ್ಡು ಕಳೆದು ಬೆಲೆ ಮಾತಾಡಿ.